ಲಾಲ್‌ಬಾಗಿಗೆ ಹೋದ ಕಂಪ್ಲಿಯ ಎಲೆಬಳ್ಳಿ

ಬೆಂಗಳೂರಿಗೆ ಹೋಗುವವರು ಕೋರ್ಟಿಗೆ ಹೋಗುತ್ತಾರೆ, ಇಲ್ಲವೇ ಊರು ನೋಡಲು ಹೋಗುತ್ತಾರೆ, ಇಲ್ಲವೇ ರೋಗಿಯನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ. ಕಾರ್ತಿಕ ಮಾಸದ ಒಂದು ಗುರುವಾರ ಬೆಳಗಿನ ಜಾವ ಕಂಪ್ಲಿಯಿಂದ ಗಾಡಿ ಹೂಡಿಕೊಂಡು ಹೊರಟ ನಾನೂ ನಮ್ಮಪ್ಪನೂ ಈ ಮೂರನೆಯ ಗುಂಪಿಗೆ ಸೇರಿದವರು. ನಮ್ಮ ರೋಗಿಯನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ಬಾಳೆಯ ನಾರಿನಿಂದ ಬಿಗಿದು, ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅದು ನಮ್ಮ ತೋಟದ ಎರಡು ಮೊಳ ವೀಳ್ಯದೆಲೆಯ ಬಳ್ಳಿ.

ಕಾಲುವೆಯ ಕೆಳಗೆ ನಮ್ಮದು ಒಂದೂವರೆ ಎಕರೆ ಎಲೆತೋಟ, ಅಜ್ಜನ ಕಾಲದ್ದು. ಶ್ರಾವಣದಲ್ಲಿ ಒಂದು ದಿನ ನಾಲ್ಕು ಬಳ್ಳಿಗಳು ಇದ್ದಕ್ಕಿದ್ದ ಹಾಗೆ ಜೋತುಬಿದ್ದವು. ಕೈಹಾಕಿ ನೋಡಿದರೆ ಬುಡ ಕಪ್ಪಾಗಿ ಕೊಳೆತು ನಾರುತ್ತಿತ್ತು. ಮಹಾನವಮಿಯ ಹೊತ್ತಿಗೆ ಅರ್ಧ ತೋಟ ಹೋಯಿತು. ತೋಟ ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಕೊರೆದದ್ದು ಬೇರೆ. ತಮ್ಮ ವೀರೇಶನ ಹೆಂಡತಿ ನೀಲಮ್ಮ, ಸಂಡೂರಿನ ಹುಡುಗಿ, ಆಷಾಢವನ್ನು ತವರಿನಲ್ಲಿ ಕಳೆದು ಶ್ರಾವಣಕ್ಕೆ ನಮ್ಮ ಮನೆಗೆ ಬಂದಿದ್ದಳು. ಬಂದ ಮೂರನೆಯ ದಿನ ಅಪ್ಪನಿಗೆ ಬುತ್ತಿ ತೆಗೆದುಕೊಂಡು ತೋಟಕ್ಕೆ ಹೋದಳು. ಅದಾಗಿ ಎಂಟು ದಿನಕ್ಕೆ ಬಳ್ಳಿ ಬಿತ್ತು. "ಅಕಿ ಕಾಲ್ಗುಣ ಚಲೋ ಇಲ್ಲ" ಎಂದಳು ಅವ್ವ. ಒಮ್ಮೆ ಅಂದದ್ದು ದಿನಕ್ಕೆ ಹತ್ತು ಸಲವಾಯಿತು. ಹಬ್ಬಕ್ಕೆಂದು ತವರಿಗೆ ಹೋದ ನೀಲಮ್ಮನನ್ನು ಕರೆತರಲು ಯಾರೂ ಹೋಗಲಿಲ್ಲ. ವೀರೇಶ ಉಣ್ಣುವುದನ್ನು ಅರ್ಧ ಬಿಟ್ಟ, ಮಾತಾಡುವುದನ್ನು ಪೂರ್ತಿ ಬಿಟ್ಟ.

ನಾನು ಊರಿನ ಶಾಲೆಯ ಮೇಷ್ಟ್ರು. ಕಾಲ್ಗುಣ ಗೀಲ್ಗುಣ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಪಾಠ ಹೇಳುವವನು, ಮನೆಯಲ್ಲಿ ಅವ್ವನ ಎದುರು ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮ ಮುಖ್ಯೋಪಾಧ್ಯಾಯರು, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಿಡಗಳ ರೋಗ ಬಲ್ಲವರಿದ್ದಾರೆ, ಅವರಿಗೆ ತೋರಿಸಿ ಎಂದರು. ಅಪ್ಪನಿಗೆ ಹೇಳಿದೆ. ಅಪ್ಪ ಎರಡು ದಿನ ಯೋಚಿಸಿ ಒಂದೇ ಮಾತು ಹೇಳಿದ.

"ಅವ್ರು ಇದು ರೋಗ ಅಂದ್ರ ನಾನಾ ಸಂಡೂರಿಗೆ ಹೋಗಿ ಸೊಸಿನ್ನ ಕರಕೊಂಡು ಬರ್ತೀನಿ. ಏನೂ ತಿಳೀವಲ್ದು ಅಂದ್ರ, ಮತ್ತ ಆ ಮಾತು ಎತ್ತಬ್ಯಾಡ ನೋಡು."

ಹೀಗೆ ಒಂದು ಹೆಣ್ಣಿನ ಬಾಳ್ವೆ ಗೋಣಿತಟ್ಟಿನ ಗಂಟಿನಲ್ಲಿ ಕೂತು ಪ್ರಯಾಣ ಹೊರಟಿತು.

ಕಂಪ್ಲಿಯಿಂದ ಹೊಸಪೇಟೆಗೆ ಇಪ್ಪತ್ತು ಮೈಲಿ. ಬುಕ್ಕಸಾಗರ ಬರುವಷ್ಟರಲ್ಲಿ ಬೆಳಕು ಹರಿಯಿತು. ಭತ್ತದ ಗದ್ದೆಗಳ ಮೇಲೆ ಮಂಜು ಕವಿದಿತ್ತು. ರಸ್ತೆಯ ಬದಿಗೆ ನನ್ನ ಗೆಳೆಯನ ಎಲೆತೋಟ ಕಂಡಿತು. ತೋಟವೆಂದರೆ ಬಳ್ಳಿ ಹಬ್ಬಿಸಲು ನೆಟ್ಟ ನುಗ್ಗೆ ಮರಗಳು ಮಾತ್ರ. ಬಳ್ಳಿ ಒಂದೂ ಇಲ್ಲ. ಶ್ರಾವಣದಲ್ಲಿ ಅವನ ಬಳ್ಳಿ ಸಾಯುತ್ತಿದೆ ಎಂದು ಕೇಳಿ ನೋಡಲು ಬಂದಿದ್ದವನು ನಾನೇ. ಆ ಸುದ್ದಿಯನ್ನು ಅಪ್ಪನಿಗೆ ಮುಟ್ಟಿಸಬೇಕೆಂದು ಅದೇ ದಿನ ನೆಂಟರ ಕುದುರೆಗಾಡಿ ಹತ್ತಿ ಓಡೋಡಿ ನಮ್ಮ ತೋಟಕ್ಕೆ ಹೋಗಿದ್ದೆ. ಅಪ್ಪ ಆ ಬೋಳು ತೋಟವನ್ನು ನೋಡಿ ಮುಖ ತಿರುಗಿಸಿದ.

ಹಂಪಿಯಲ್ಲಿ ಎತ್ತು ಬಿಚ್ಚಿ ಎರಡು ಗಂಟೆ ನಿಂತೆವು. ಅಪ್ಪ ಹೊಳೆಯಲ್ಲಿ ಮಿಂದು ವಿರೂಪಾಕ್ಷನಿಗೆ ಕೈಮುಗಿದು ಬಂದ. ನನ್ನ ಹೆಂಡತಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಮಂಟಪದ ನೆರಳಿನಲ್ಲಿ ಉಂಡೆವು. ಒಬ್ಬ ಬಿಳಿಯ ದೊರೆ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ ಮುರಿದ ಕಂಬಗಳ ಚಿತ್ರ ತೆಗೆಯುತ್ತಿದ್ದ. "ಇದ್ದಾಗ ಯಾರೂ ನೋಡ್ಲಿಲ್ಲ, ಬಿದ್ದಮ್ಯಾಲೆ ಎಷ್ಟು ಮಂದಿ ನೋಡಾಕ ಬರ್ತಾರ" ಎಂದ ಅಪ್ಪ. ತನ್ನ ತೋಟದ ನೆನಪಿನಲ್ಲಿ ಅಂದನೋ ಏನೋ. ಸಂಜೆಗೆ ಹೊಸಪೇಟೆ ಮುಟ್ಟಿ, ಅಲ್ಲೇ ಪಕ್ಕದ ಚಿತ್ತವಾಡ್ಗಿಯ ನೆಂಟರ ಮನೆಯಲ್ಲಿ ಗಾಡಿ ಬಿಟ್ಟು ಮಲಗಿದೆವು.

ಮರುದಿನ ರೈಲು. ಮೂರನೆಯ ದರ್ಜೆಯ ಹಲಗೆಯ ಮೇಲೆ ಗುಂತಕಲ್ಲಿನವರೆಗೆ ಒಂದು ಗಾಡಿ, ಅಲ್ಲಿ ಇಳಿದು ಬೆಂಗಳೂರಿನ ಇನ್ನೊಂದು ಗಾಡಿ. ಬಳ್ಳಾರಿಯಲ್ಲಿ ಹತ್ತಿದ ಒಬ್ಬ ಅರಳೆ ವ್ಯಾಪಾರಿ ನನ್ನ ಗಂಟಿನ ಮೇಲೆ ಕಣ್ಣಿಟ್ಟು, "ಏನ್ರಿ ಅದು, ವಾಸನಿ?" ಎಂದು ಮೂಗು ಮುಚ್ಚಿಕೊಂಡ. "ನಮ್ಮ ಮನಿ ರೋಗಿ" ಎಂದ ಅಪ್ಪ, ಮುಖದಲ್ಲಿ ನಗುವಿಲ್ಲದೆ. ವ್ಯಾಪಾರಿ ಆಚೆಯ ಬೆಂಚಿಗೆ ಹೋದ. ನಮಗೆ ಕಾಲು ಚಾಚಲು ಜಾಗ ಸಿಕ್ಕಿತು. ಪ್ರತಿ ದೊಡ್ಡ ಸ್ಟೇಷನ್ನಿನಲ್ಲಿ ಅಪ್ಪ ಇಳಿದು ಗೋಣಿತಟ್ಟಿಗೆ ನೀರು ಚಿಮುಕಿಸಿ ಬರುತ್ತಿದ್ದ. ಎಲ್ಲಿ ಗಾಡಿ ಬಿಟ್ಟುಬಿಡುತ್ತದೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು.

ಶನಿವಾರ ಬೆಳಗ್ಗೆ ಬೆಂಗಳೂರು. ಏನು ಚಳಿ ಮಾರಾಯರೇ! ಜಿನುಗು ಮಳೆ ಬೇರೆ. ಬಳ್ಳಾರಿ ಸೀಮೆಯ ಬಿಸಿಲಲ್ಲಿ ಬೆಂದ ನಮ್ಮ ಮೈ ಗಡಗಡ ನಡುಗಿತು. ಸ್ಟೇಷನ್ನಿನ ಎದುರಿನ ಛತ್ರದಲ್ಲಿ ಬಿಸಿನೀರು ಹುಯ್ದುಕೊಂಡು, ಹೋಟೆಲಿನಲ್ಲಿ ಇಡ್ಲಿ ಕಾಫಿ ಮುಗಿಸಿ ಜಟಕಾ ಹಿಡಿದೆವು. ಜಟಕಾದವನು ಆರಾಣೆ ಕೇಳಿದ. ನಾಲ್ಕಾಣೆಗೆ ಬಾ ಎಂದು ನಾನು ಚೌಕಾಸಿ ಮಾಡುವಷ್ಟರಲ್ಲಿ ಅಪ್ಪ ಹತ್ತಿ ಕೂತೇಬಿಟ್ಟಿದ್ದ.

ಲಾಲ್‌ಬಾಗಿನ ಬಾಗಿಲಲ್ಲಿ ಇಳಿದದ್ದೇ ಅಪ್ಪ ಚಪ್ಪಲಿ ಬಿಟ್ಟ. ಎಲೆತೋಟದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ತೋಟದ ಬಾಗಿಲಿಗೆ ಒಂದು ಕೊಡ ನೀರು, ಒಂದು ತಂಬಿಗೆ ಇರುತ್ತದೆ. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕು. ಎಲೆಬಳ್ಳಿ ಗೌರಮ್ಮನಂತೆ, ಮೆಟ್ಟಿದ ಕಾಲಲ್ಲಿ ಹೋದರೆ ಮುನಿಯುತ್ತಾಳಂತೆ. ಆದರೆ ಇದು ಊರವರೆಲ್ಲ ಗಾಳಿ ಸೇವನೆಗೆ ಬರುವ ತೋಟ. ಕೋಟು ರುಮಾಲಿನವರು, ದೊರೆಸಾನಿಯರು, ಶಾಲೆಯ ಮಕ್ಕಳು ಎಲ್ಲರೂ ಟಕಟಕ ಎಂದು ಮೆಟ್ಟಿಕೊಂಡೇ ಒಳಗೆ ಹೋಗುತ್ತಿದ್ದರು. ಅಪ್ಪ ನನ್ನ ಬೂಟನ್ನೇ ನೋಡಿದ.

"ಬಿಚ್ಚು."

"ಅಪ್ಪಾ, ಇಲ್ಲಿ ಎಲ್ಲಾರೂ ಹಾಕ್ಕೊಂಡಾ ಹೋಗ್ತಾರ."

"ಎಲ್ಲಾರೂ ಹೋಗ್ಲಿ. ನೀನು ಬಿಚ್ಚು."

ಆ 'ನೀನು' ಎಂಬುದನ್ನು ಅಪ್ಪ ಒತ್ತಿ ಹೇಳಿದ. ಎಲ್ಲರ ಎದುರು ಕಲ್ಲಿನ ಮೇಲೆ ಕೂತು ದಾರ ಬಿಚ್ಚಿದೆ. ಬಾಗಿಲ ಕಾವಲಿನವನು, "ಇದು ದೇವಸ್ಥಾನ ಅಲ್ಲ ಸ್ವಾಮಿ, ತೋಟ" ಎಂದು ನಕ್ಕ. "ತೋಟ ಅಂತನಾ ಬಿಟ್ಟಿದ್ದು. ನೋಡಿಕೊಳ್ಳಪ್ಪ" ಎಂದು ಅಪ್ಪ ಅವನ ಕಾಲ ಬಳಿ ಎರಡು ಜೋಡಿಯನ್ನೂ ಸಾಲಾಗಿ ಇಟ್ಟು ನಡೆದೇಬಿಟ್ಟ. ಒದ್ದೆ ಜಲ್ಲಿಯ ಮೇಲೆ ನನ್ನ ಮೆತ್ತನೆಯ ಪಾದ ಪಟ್ಟ ಪಾಡು ನನಗೇ ಗೊತ್ತು.

ಎಂಥ ತೋಟ! ನಾಲ್ಕು ಆಳು ಕೈಹಿಡಿದು ಸುತ್ತಿದರೂ ತಬ್ಬಲಾಗದ ಮರಗಳು. ಊರೂರಿನಿಂದ, ದೇಶದೇಶದಿಂದ ತಂದು ನೆಟ್ಟವಂತೆ. ನವಾಬರ ಕಾಲದಲ್ಲಿ ಹಾಕಿಸಿದ ತೋಟವೆಂದು ನಾನು ಓದಿದ್ದನ್ನು ಹೇಳಿದೆ. ಗಾಜಿನ ಮನೆಯ ಮುಂದೆ ಅಪ್ಪ ಬಾಯಿ ತೆರೆದು ನಿಂತ. ಆಮೇಲೆ ರೈತನ ಬುದ್ಧಿ ಎಚ್ಚೆತ್ತಿತು.

"ಎಷ್ಟು ಎಕರೆ ಇದ್ದೀತು?"

"ನೂರರ ಮ್ಯಾಲೆ."

"ಇಷ್ಟರಾಗ ಏನ್ ಬೆಳೀತಾರ?"

"ನೆಳ್ಳು, ಹೂವು."

"ಮಾರೂದಿಲ್ಲ?"

"ಇಲ್ಲಪ್ಪಾ. ಮಂದಿ ಬಂದು ಅಡ್ಡಾಡಿ ಹೋಗ್ತಾರ, ಅಷ್ಟಾ."

ಅಪ್ಪ ಸ್ವಲ್ಪ ದೂರ ನಡೆದು, "ಭಾಳ ದೊಡ್ಡ ಮನಸಿನವ್ರು ಬಿಡು" ಎಂದ. ಮುಂದೆ ಬಂಡೆಯೊಂದು ಬಂತು, ನೆತ್ತಿಯ ಮೇಲೆ ಸಣ್ಣ ಗೋಪುರ. ಜನ ಹತ್ತಿ ಹತ್ತಿ ನೋಡುತ್ತಿದ್ದರು. "ಬಂಡೆ ನೋಡಾಕ ಹಂಪಿ ಕಡಿಯವ್ರು ಇಲ್ಲಿಗೆ ಬರಬೇಕೇನು?" ಎಂದು ಅದನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಸಸಿಗಳ ಕುಂಡಗಳನ್ನು ಸಾಲಾಗಿ ಜೋಡಿಸಿದ್ದ ಜಾಗ ಹುಡುಕಿ ಹೋದೆವು. ಮುನಿಯಪ್ಪನೆಂಬ ಮುದುಕ ಮಾಲಿ ಕೂತು ಮಣ್ಣು ಜರಡಿ ಹಿಡಿಯುತ್ತಿದ್ದ. ಬಂದ ವಿಷಯ ಹೇಳಿ, ನಾನು ಗಂಟನ್ನು ಅಲ್ಲೇ ಎರಡು ಕುಂಡಗಳ ನಡುವೆ ಇಳಿಸಲು ಹೋದೆ. ಮುದುಕ ಜರಡಿ ಬಿಸುಟು ಎದ್ದ.

"ಅಯ್ಯೋ ಅಯ್ಯೋ, ಇಡಬೇಡಿ ಸ್ವಾಮಿ! ಕಾಯಿಲೆ ಗಿಡ ತಂದು ನಮ್ಮ ಮಕ್ಕಳ ಮಧ್ಯ ಇಡ್ತೀರಲ್ಲ! ಅಲ್ಲಿ, ಆ ಕಲ್ಲುಚಪ್ಪಡಿ ಮೇಲೆ ಇಡಿ."

ಮೇಷ್ಟ್ರಾದ ನಾನು ಬೈಸಿಕೊಂಡು ತಲೆ ತಗ್ಗಿಸಿದೆ. ಅವನ ಕಣ್ಣು ನಮ್ಮ ಬರಿಗಾಲಿನ ಮೇಲೆ ಬಿತ್ತು. ಅಪ್ಪ ಕಾರಣ ಹೇಳಿದ. ಮುದುಕನ ಸಿಟ್ಟು ಇಳಿದುಹೋಯಿತು. "ಇಷ್ಟು ವರ್ಷ ಇದ್ದೀನಿ, ಈ ತೋಟಕ್ಕೆ ಜೋಡು ಬಿಟ್ಟು ಬಂದೋರನ್ನ ಕಾಣೆ" ಎಂದು ತಾನೇ ಹೋಗಿ ಕಚೇರಿಯಿಂದ ಸಾಹೇಬರನ್ನು ಕರೆತಂದ. ಸಾಹೇಬರೆಂದರೆ ರುಮಾಲು ಸುತ್ತಿ ಕನ್ನಡಕ ಹಾಕಿದ, ಸಣ್ಣ ದನಿಯ ಮನುಷ್ಯ.

ಅವರು ಚಾಕುವಿನಿಂದ ಬಳ್ಳಿಯ ಬುಡವನ್ನು ಸೀಳಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅಪ್ಪ ಕೈ ಜೋಡಿಸಿಕೊಂಡೇ ನಿಂತಿದ್ದ. ಗೊತ್ತಾಗಲಿಲ್ಲ ಎಂದುಬಿಟ್ಟರೆ ನೀಲಮ್ಮನ ಗತಿ ಏನು?

"ಇದು ಬುಡ ಕೊಳೆಯುವ ರೋಗ" ಎಂದರು ಸಾಹೇಬರು. "ಮಳೆಗಾಲದಲ್ಲಿ ನೀರು ನಿಂತ ಕಡೆ ಹರಡುತ್ತೆ. ನಮ್ಮ ಮಲೆನಾಡಿನ ಅಡಿಕೆ, ಮೆಣಸಿಗೂ ಇದರ ದಾಯಾದಿಗಳ ಕಾಟ ಇದೆ."

"ರೋಗಾನಾ ಹೌದೇನ್ರಿ?" ಎಂದ ಅಪ್ಪ. "ಮನಿಗೆ ಬಂದವರ ಕಾಲ್ಗುಣದಿಂದ ಬಂದಿದ್ದಲ್ಲಲ್ರಿ?"

ಸಾಹೇಬರು ನಗಲಿಲ್ಲ. "ಯಾರ ಗುಣವೂ ಇದಕ್ಕೆ ಬೇಕಿಲ್ಲ ಯಜಮಾನರೇ. ಕಾಲು ಮಾತ್ರ ಬೇಕು. ರೋಗ ಬಿದ್ದ ತೋಟದ ಕೆಸರು ಕಾಲಿಗೋ ಗುದ್ದಲಿಗೋ ಅಂಟಿ ಬಂದರೆ ಸಾಕು. ತೊಳೆದು ಬರೋ ನಿಮ್ಮ ಪದ್ಧತಿ ಒಳ್ಳೆಯದು, ಬಿಡಬೇಡಿ. ಆಗ ಯಾರಾದರೂ ಬೇರೆ ರೋಗದ ತೋಟದಿಂದ ನೇರವಾಗಿ ನಿಮ್ಮಲ್ಲಿಗೆ ಬಂದಿದ್ದರಾ?"

ನಾನು ನನ್ನ ಕಾಲನ್ನೇ ನೋಡಿಕೊಂಡೆ. ಬುಕ್ಕಸಾಗರದ ಗೆಳೆಯ ಅಂದು, "ಸತ್ತ ತೋಟಕ್ಕ ಎಂಥಾ ಮಡಿ ಮಾರಾಯ, ಹಂಗಾ ಬಾ" ಎಂದಿದ್ದ. ಬೂಟಿನಲ್ಲೇ ಅವನ ಕೆಸರು ತುಳಿದಿದ್ದೆ. ಅಲ್ಲಿಂದ ನಮ್ಮ ತೋಟಕ್ಕೆ ಬಂದಾಗ ಮಳೆ ಸುರಿಯುತ್ತಿತ್ತು, ಅಪ್ಪ ಒಳಗೆಲ್ಲೋ ಇದ್ದ, ಒದ್ದೆಯಾದ ದಾರದ ಗಂಟು ಬಿಚ್ಚಲು ಬೇಸರವಾಗಿ, ಈ ಕಾಲದಲ್ಲಿ ಇದೆಲ್ಲ ಯಾಕೆ ಎಂದುಕೊಂಡು ಹಾಗೆಯೇ ಒಳಗೆ ನುಗ್ಗಿದ್ದೆ. ನೀಲಮ್ಮ ಬುತ್ತಿ ತಂದಿದ್ದೂ ಅದೇ ವಾರ. ಅವಳು ಕಾಲು ತೊಳೆದೇ ಬಂದಿದ್ದಳು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಇಲ್ರಿ ಸಾಹೇಬ್ರ, ಯಾರೂ ಬಂದಿಲ್ಲ" ಎಂದುಬಿಟ್ಟ.

ಸಾಹೇಬರು ಪರಿಹಾರ ಬರೆದುಕೊಟ್ಟರು: ಬಿದ್ದ ಬಳ್ಳಿ ಕಿತ್ತು ಸುಡಬೇಕು, ಸಾಲಿನ ನಡುವೆ ಕಾಲುವೆ ತೋಡಿ ನೀರು ಬಸಿಯಬೇಕು, ಮೈಲುತುತ್ತ ಮತ್ತು ಸುಣ್ಣದ ನೀರನ್ನು ಬುಡಕ್ಕೆ ಹಾಕಬೇಕು. ಉಳಿದ ಅರ್ಧ ತೋಟ ಉಳಿದೀತು ಎಂದರು. ನಾವು ತಂದಿದ್ದ ಬಳ್ಳಿಯನ್ನು ಮುನಿಯಪ್ಪ ಗೋಣಿತಟ್ಟಿನ ಸಮೇತ ಒಲೆಗೆ ಹಾಕಿಸಿದ. ಬಾಗಿಲಿಗೆ ಬಂದರೆ ಚಪ್ಪಲಿ, ಬೂಟು ಇಟ್ಟಲ್ಲೇ ಇದ್ದವು. ಮಳೆಗೆ ನೆನೆಯದಿರಲೆಂದು ಕಾವಲಿನವನು ಮೇಲೊಂದು ತಗಡು ಮುಚ್ಚಿದ್ದ. ಅಪ್ಪ ಹಗುರಾದ ಮನಸ್ಸಿನಿಂದ ಚಪ್ಪಲಿ ಮೆಟ್ಟಿ, "ನಡೀಲೇ ಚನ್ನಬಸ್ಯಾ, ಸಂಡೂರಿಗೆ ಹೋಗೂಣು" ಎಂದ. ನಾನು ಬೂಟನ್ನು ಕೈಯಲ್ಲೇ ಹಿಡಿದು ಜಟಕಾ ಹತ್ತಿದೆ.

ವಾಪಸು ಗಾಡಿಯಲ್ಲಿ ಅಪ್ಪ ಗೊರಕೆ ಹೊಡೆದು ನಿದ್ದೆ ಮಾಡಿದ. ನನಗೆ ನಿದ್ದೆ ಬರಲಿಲ್ಲ. ಇದು ರೋಗ ಎಂದಾಯಿತು, ಹುಡುಗಿ ಮನೆಗೆ ಬರುತ್ತಾಳೆ, ಇನ್ನು ಬೂಟಿನ ಮಾತು ಯಾಕೆ ಎಂದು ಗುಂತಕಲ್ಲಿನವರೆಗೆ ಸಮಾಧಾನ ಮಾಡಿಕೊಂಡೆ. ಅಲ್ಲಿಂದ ಹೊಸಪೇಟೆಯವರೆಗೆ ಆ ಸಮಾಧಾನ ಉಳಿಯಲಿಲ್ಲ.

ಹೊಸಪೇಟೆಯಲ್ಲಿ ಮೈಲುತುತ್ತ ಕಟ್ಟಿಸಿಕೊಂಡು, ಮರುದಿನ ಮ್ಯಾಂಗನೀಸ್ ಗಣಿಗೆ ಖಾಲಿ ಹೋಗುತ್ತಿದ್ದ ಲಾರಿಯ ಹಿಂದೆ ಹತ್ತಿ ಸಂಡೂರಿಗೆ ಹೊರಟೆವು. ಎರಡೂ ಕಡೆ ಹಸಿರು ಗುಡ್ಡ, ನಡುವೆ ಕೆಂಪು ದಾರಿ. ಇಳಿದಾಗ ನಮ್ಮ ಪಂಚೆ, ಮೀಸೆ, ಹುಬ್ಬು ಎಲ್ಲ ಕೆಂಪು. ಬೀಗರು ಬಾಗಿಲಿಗೆ ಬಂದವರು ಮೊದಲು ನಮ್ಮ ಗುರುತು ಹಿಡಿಯಲಿಲ್ಲ. ಹಿಡಿದ ಮೇಲೆ, "ಬರ್ರಿ, ಕುಂದ್ರಿ" ಎಂದು ಕಂಬಳಿ ಹಾಸಿದರು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ಮುಖ ಮಾತ್ರ ಬಿಗಿದಿತ್ತು.

ಅಪ್ಪ ಲಾಲ್‌ಬಾಗಿನ ಕತೆಯೆಲ್ಲ ಹೇಳಿ, "ಅದು ರೋಗ ಅಂತ ಗೊತ್ತಾತ್ರಿ ಬೀಗ್ರ. ನಮ್ದು ತಪ್ಪಾತು. ಸೊಸಿನ್ನ ಕಳಸ್ರಿ" ಎಂದ. ಬೀಗರ ಮುಖ ಸಡಿಲವಾಯಿತು. "ಆತು ಬಿಡ್ರಿ, ಚಲೋ ಸುದ್ದಿ ತಂದ್ರಿ" ಎಂದರು. ಆಗ ಒಳಬಾಗಿಲ ಹಿಂದಿನಿಂದ ನೀಲಮ್ಮ ಮಾತಾಡಿದಳು. ಹಿಂದೆ ನಮ್ಮೆದುರು ದನಿ ತೆರೆದವಳೇ ಅಲ್ಲ.

"ರೋಗ ಎಲ್ಲಿಂದ ಬಂತ್ರಿ ಮಾವಾರ?"

ಅಪ್ಪ ತಡವರಿಸಿದ. "ಮಳಿ... ನೀರು ನಿಂತು..."

"ಮಳಿ ವರ್ಷಾ ವರ್ಷಾ ಬರ್ತೈತ್ರಿ. ಬರೂ ವರ್ಷ ಮತ್ತ ಬಳ್ಳಿ ಬಿದ್ರ, ಮತ್ತ ನನ್ನ ಕಾಲಾ ನೋಡ್ತೀರಿ. ಹಂಗಾದ್ರ ನಾನು ಬರೂದಿಲ್ರಿ."

ಬೀಗರು, "ಲೇ ನೀಲಾ, ಸುಮ್ನಿರು" ಎಂದು ಗದರಿದರು. ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಅವಳು ಕೇಳಿದ್ದು ನ್ಯಾಯವಾಗಿತ್ತು. ಬುಕ್ಕಸಾಗರದ ಕೆಸರು, ಮಳೆ, ಬಿಚ್ಚದ ದಾರದ ಗಂಟು, ಎಲ್ಲ ಹೇಳಿದೆ. "ರೋಗ ತಂದ ಕಾಲು ನಂದವ್ವ, ನಿಂದಲ್ಲ. ಓದಿದವ ಅಂತ ಅನ್ನಿಸಿಕೊಂಡು ಸುಮ್ನ ಕುಂತಿದ್ದೆ" ಎಂದೆ. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿತು. ನಾಚಿಕೆ ಪಡದೆ ಒರೆಸಿಕೊಂಡೆ.

ಆಮೇಲೆ ಅಪ್ಪ ತಲೆ ಎತ್ತದೆ ಅಂದ:

"ನನಗ ಗೊತ್ತಿತ್ತು. ಅವತ್ತಾ ಸಾಲಿನಾಗ ಬೂಟಿನ ಗುರುತು ನೋಡಿದ್ದೆ. ಗೌರಮ್ಮ ಮುನಿದಾಳ ಅಂತ ಅವತ್ತಾ ಅಂದುಕೊಂಡೆ. ಮೇಷ್ಟ್ರಾದ ಮಗನ್ನ ಬೈಯಾಕ ನನಗ ಬಾಯಿ ಬರಲಿಲ್ಲವ್ವ. ಮನಿಯಾಕಿ ನಿನ್ನ ಹೆಸರು ತಗದಾಗ ಸುಮ್ನಾದೆ. ಪರರ ಮಗಳು, ತಡಕೋತಾಳ ಅಂದ್ಕೊಂಡೆ."

ಎಪ್ಪತ್ತರ ಹತ್ತಿರದ ಮುದುಕ ಬೀಗರ ಮನೆಯಲ್ಲಿ ಕೂತು ಆಡಿದ ಮಾತು ಇದು. ಲಾಲ್‌ಬಾಗಿನ ಬಾಗಿಲಲ್ಲಿ 'ನೀನು ಬಿಚ್ಚು' ಎಂದದ್ದು ನನಗೆ ಆಗ ಅರ್ಥವಾಯಿತು. ನೀಲಮ್ಮ ಬಾಗಿಲಿಂದ ಸರಿದು ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಒಲೆಗೆ ಸೌದೆ ಒಟ್ಟುವ ಸಪ್ಪಳವಾಯಿತು, ಆಮೇಲೆ ಪೆಟ್ಟಿಗೆ ಎಳೆಯುವ ಸಪ್ಪಳ. ಸ್ವಲ್ಪ ಹೊತ್ತಿನ ಮೇಲೆ ಅವಳು ಬಂದು ಅಪ್ಪನ ಮುಂದೆ ಚೊಂಬು ಇಟ್ಟಳು.

"ಬಿಸಿನೀರು ಐತ್ರಿ ಮಾವಾರ, ಮಾರಿ ತೊಳಕೋರಿ. ಉಂಡು ಹೊರಡೂಣು."

ಅಬ್ಬಾ! ನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆಗೆ ಇಟ್ಟ ಹಾಗಾಯಿತು. ಅಂದು ಬೀಗರ ಮನೆಯಲ್ಲಿ ನಾಲ್ಕು ರೊಟ್ಟಿ ಉಂಡೆ. ಐದನೆಯದನ್ನು ಕೇಳಿ ಹಾಕಿಸಿಕೊಂಡೆ.

ಹೊಸಪೇಟೆಯಿಂದ ಕಂಪ್ಲಿಗೆ ನಮ್ಮದೇ ಗಾಡಿ. ಬುಧವಾರ ಇಳಿಹೊತ್ತಿಗೆ, ಮನೆಗೂ ಹೋಗದೆ, ಅಪ್ಪ ಗಾಡಿಯನ್ನು ನೇರ ತೋಟದ ಬಾಗಿಲಿಗೆ ಹೊಡೆಸಿದ. ವೀರೇಶ ಒಳಗೆ ಒಣಗಿದ ಬಳ್ಳಿ ಕೀಳುತ್ತಿದ್ದ. ಗಾಡಿಯಿಂದ ಯಾರು ಇಳಿದರೆಂದು ನೋಡಿ, ಕೈಯಲ್ಲಿದ್ದ ಬಳ್ಳಿಯನ್ನು ಬಿಸುಡುವುದನ್ನೂ ಮರೆತು ನಿಂತ. ಅವ್ವ ಬದುವಿನ ಮೇಲೆ ಕೂತಿದ್ದಳು. ಅಪ್ಪ ಅವಳ ಬಳಿ ಹೋಗಿ ಸಣ್ಣ ದನಿಯಲ್ಲಿ ಎಲ್ಲ ಹೇಳಿದ. ಅವ್ವ ಎದ್ದು ಬಂದು ಸೊಸೆಯ ಕೈಹಿಡಿದಳು, "ಸಣ್ಣಾಗೀಯಲ್ಲವ್ವಾ" ಎಂದಳು. ಅವಳಿಂದ ಅದಕ್ಕಿಂತ ಹೆಚ್ಚಿನದು ಬರುವ ಹಾಗಿರಲಿಲ್ಲ, ಕಣ್ಣೀರು ಮಾತ್ರ ಬಂತು.

ಬಾಗಿಲಲ್ಲಿ ಎಂದಿನಂತೆ ಕೊಡ ಇತ್ತು. ನೀಲಮ್ಮ ತನ್ನ ಕಾಲು ತೊಳೆದುಕೊಂಡು, ತಂಬಿಗೆ ತುಂಬಿ ಅಪ್ಪನ ಕಾಲಿಗೆ ಹಾಕಿದಳು. ಮತ್ತೆ ತುಂಬಿಕೊಂಡು ನನ್ನ ಕಡೆ ತಿರುಗಿದಳು. ನಾನು ಬೆಂಗಳೂರಿನಿಂದ ಬರಿಗಾಲಲ್ಲೇ ಬಂದಿದ್ದೆ. ಬೂಟು ಗಾಡಿಯ ಹುಲ್ಲಿನಲ್ಲಿ ಬಿದ್ದಿತ್ತು. ಕಾಲು ಮುಂದೆ ಚಾಚಿದೆ. ಅವಳು ನಿಧಾನವಾಗಿ ಒಂದು ತಂಬಿಗೆ ಸುರಿದಳು. ಎರಡನೆಯದೂ ಸುರಿದಳು. ಸಾಕೆಂದು ನಾನು ಹೆಜ್ಜೆ ಎತ್ತಿದೆ.

"ನಿಂದರ್ರಿ ಭಾವಾರ," ಎಂದಳು ನೀಲಮ್ಮ, ಮೂರನೆಯದನ್ನು ತುಂಬಿಕೊಳ್ಳುತ್ತಾ. "ನಿಮ್ಮ ಕಾಲ್ಗುಣಕ್ಕ ಎರಡು ಸಾಲೂದಿಲ್ಲ."

ಮೊದಲು ನಕ್ಕವಳು ಅವ್ವ.